ನಮ್ಮ ಹೆಣ್ಣುಮಕ್ಕಳ ಕ್ಯಾಲೆಂಡರ್: ಹನ್ನೆರಡು ಹುಣ್ಣಿಮೆಯಿಂದ ಶುರು ಮಾಡಿ

ನಮ್ಮ ಆಯಿಯ, ಅಂದರೆ ಅಜ್ಜಿಯ, ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1. ಓಣಿಯಲ್ಲಿ ಅವಳ ವಾರಿಗೆಯ ಎಷ್ಟೋ ಹೆಣ್ಣುಮಕ್ಕಳದ್ದೂ ಜನವರಿ 1, ಇಲ್ಲವೇ ಜೂನ್ 1. ತಾರೀಖು ಕೇಳಿದಾಗ ಯಾರಿಗೂ ಹೇಳಲು ಬರಲಿಲ್ಲ, ಬರೆದುಕೊಳ್ಳುವವರು ಒಂದು ಹಾಕಿದರು. ಹಾಗಂತ ಆಯಿಗೆ ತಾನು ಹುಟ್ಟಿದ ದಿನ ಗೊತ್ತಿಲ್ಲ ಅಂತಲ್ಲ. ಕೇಳಿ ನೋಡಿ, ತಡ ಮಾಡದೆ ಹೇಳುತ್ತಾಳೆ: “ಗೌರಿ ಹುಣ್ಣಿವಿ ಆಗಿ ಮೂರನೇ ದಿನ. ಅವತ್ತ ನಮ್ಮೂರ ಸಂತಿ. ದೊಡ್ಡ ಯುದ್ಧ ಮುಗಿದ ವರ್ಷ ಅಂತ ನಮ್ಮಪ್ಪ ಹೇಳ್ತಿದ್ದ.”

ಒಂದು ಸಂಜೆ ಮೊಬೈಲಿನಲ್ಲಿ ಹಳೆಯ ವರ್ಷಗಳ ಪಂಚಾಂಗ ತೆಗೆದು ಕೂತೆ. ಎರಡನೇ ಮಹಾಯುದ್ಧ ಮುಗಿದದ್ದು 1945ರಲ್ಲಿ. ಆ ವರ್ಷ ಗೌರಿ ಹುಣ್ಣಿಮೆ, ಅಂದರೆ ಕಾರ್ತಿಕದ ಹುಣ್ಣಿಮೆ, ನವೆಂಬರ್ 19, ಸೋಮವಾರ. ಮೂರು ದಿನ ಕೂಡಿಸಿದರೆ 22, ಗುರುವಾರ. ಆಯಿಯ ತವರೂರಲ್ಲಿ ಸಂತೆ ಗುರುವಾರವೇ. ಅನುಮಾನ ಉಳಿಯಬಾರದು ಅಂತ ಹಿಂದಿನ ಮುಂದಿನ ವರ್ಷಗಳನ್ನೂ ನೋಡಿದೆ. 1944ರಲ್ಲಿ ಆ ಮೂರನೇ ದಿನ ಶುಕ್ರವಾರ ಬರುತ್ತದೆ, 1946ರಲ್ಲಿ ಮಂಗಳವಾರ. ಅಂದರೆ 1945ರ ನವೆಂಬರ್ 22 ಎಂಬುದು ಖಚಿತ. ಎಂಬತ್ತು ವರ್ಷ ಆಯಿ ತಲೆಯಲ್ಲಿ ಇಟ್ಟುಕೊಂಡ ದಿನ ಸರಿಯಾಗಿಯೇ ಇತ್ತು, ತಪ್ಪಿದ್ದು ಕಾಗದದಲ್ಲಿ.

ಅವತ್ತಿನಿಂದ ನಮ್ಮ ಅಡುಗೆಮನೆಯ ಕ್ಯಾಲೆಂಡರ್ ಬದಲಾಯಿತು. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನದ ಜೊತೆಗೆ ಹೆಣ್ಣುಮಕ್ಕಳ ಹೆಸರು ಬರೆಯಲು ಶುರು ಮಾಡಿದೆವು. ನಮ್ಮ ಮನೆಯವರು, ನಮ್ಮ ಸೀಮೆಯ ರಾಣಿಯರು, ಶರಣೆಯರು, ಹಾಡಿದವರು ಎಲ್ಲರೂ ಅದರಲ್ಲಿ ಇದ್ದಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಇರುವವರು ಇಂಥದ್ದೊಂದನ್ನು ಹೇಗೆ ಮಾಡಿಕೊಳ್ಳಬಹುದು ಅಂತ ಇಲ್ಲಿ ಹೇಳುತ್ತೇನೆ. ಒಂದು ವರ್ಷದಲ್ಲಿ ಪೂರ್ತಿ ಆಗುವುದಿಲ್ಲ. ನಮ್ಮದಕ್ಕೆ ಮೂರು ವರ್ಷ ಹಿಡಿಯಿತು, ಇನ್ನೂ ಖಾಲಿ ಚೌಕಗಳಿವೆ.

ಮೊದಲು ಬೇಕಾದ ಸಾಮಾನು

ತಿಥಿ ಇರುವ ಕ್ಯಾಲೆಂಡರ್ ಬೇಕು. ಕಿರಾಣಿ ಅಂಗಡಿಯವರು ಸುಮ್ನೆ ಕೊಡುವುದರಲ್ಲೂ ತಿಥಿ ಇರುತ್ತದೆ, ಆದರೆ ಚೌಕ ಸಣ್ಣದು. ದುಡ್ಡು ಕೊಟ್ಟಾದರೂ ದೊಡ್ಡ ಚೌಕ ಇರುವುದನ್ನು ತನ್ನಿ. ಜೊತೆಗೆ ಒಂದು ಇನ್ನೂರು ಪುಟದ ನೋಟ್‌ಬುಕ್, ಎರಡು ಬಣ್ಣದ ಪೆನ್ನು.

ಎರಡು ಬಣ್ಣ ಯಾಕೆ? ದಿನಗಳಲ್ಲಿ ಎರಡು ಜಾತಿ ಇವೆ. ಕಿತ್ತೂರಿನ ವಿಜಯದ ದಿನ ಪ್ರತಿ ವರ್ಷ ಅಕ್ಟೋಬರ್ 23ಕ್ಕೇ ಬರುತ್ತದೆ. ಗೌರಿ ಹುಣ್ಣಿಮೆ ಹಾಗಲ್ಲ. 2025ರಲ್ಲಿ ನವೆಂಬರ್ 5ಕ್ಕೆ ಬಂದದ್ದು 2026ರಲ್ಲಿ ನವೆಂಬರ್ 24ಕ್ಕೆ ಹೋಗುತ್ತದೆ. ತಿಥಿಯವು ಕೆಂಪು, ತಾರೀಖಿನವು ನೀಲಿ ಅಂತ ಇಟ್ಟುಕೊಂಡರೆ ಮುಂದಿನ ವರ್ಷ ಹೊಸ ಕ್ಯಾಲೆಂಡರಿಗೆ ಇಳಿಸುವಾಗ ಗೊಂದಲ ಇರುವುದಿಲ್ಲ. ನೀಲಿಯನ್ನು ಹಾಗೇ ನಕಲು ಮಾಡಿ, ಕೆಂಪನ್ನು ತಿಥಿ ನೋಡಿ ಹೊಸದಾಗಿ ಹಾಕಿ.

ನೋಟ್‌ಬುಕ್ ಇಲ್ಲದೆ ಬರೀ ಕ್ಯಾಲೆಂಡರ್ ಸಾಲದು. ಚೌಕದಲ್ಲಿ ಹೆಸರು ಮಾತ್ರ ಹಿಡಿಯುತ್ತದೆ, ಮಾತು ನೋಟ್‌ಬುಕ್ಕಿಗೆ ಹೋಗಬೇಕು.

ಹನ್ನೆರಡು ಹುಣ್ಣಿಮೆ ಹಾಕಿ

ಕೆಲವರು ಮಾರ್ಚ್ 8ರ ಮಹಿಳಾ ದಿನದಿಂದ ಶುರು ಮಾಡುತ್ತಾರೆ. ನನ್ನ ಮಾತು ಕೇಳಿ, ಹುಣ್ಣಿಮೆಯಿಂದ ಶುರು ಮಾಡಿ. ನಮ್ಮ ಕಡೆ ಹೆಣ್ಣುಮಕ್ಕಳು ವರ್ಷ ಎಣಿಸಿದ್ದೇ ಹುಣ್ಣಿಮೆ ಅಮಾವಾಸ್ಯೆಯ ಮೇಲೆ. ಹೆರಿಗೆ, ತವರಿಗೆ ಹೋದದ್ದು, ಎಮ್ಮೆ ಕರು ಹಾಕಿದ್ದು, ಎಲ್ಲದಕ್ಕೂ ಅದೇ ಗುರುತು.

ಚೈತ್ರದಿಂದ ಹೀಗೆ ಹೋಗುತ್ತದೆ: ದವನದ ಹುಣ್ಣಿಮೆ, ಆಗಿ ಹುಣ್ಣಿಮೆ, ಕಾರ ಹುಣ್ಣಿಮೆ, ಕಡ್ಲಿಗಡಬಿನ ಹುಣ್ಣಿಮೆ, ನೂಲ ಹುಣ್ಣಿಮೆ, ಅನಂತನ ಹುಣ್ಣಿಮೆ, ಸೀಗಿ ಹುಣ್ಣಿಮೆ, ಗೌರಿ ಹುಣ್ಣಿಮೆ, ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ಹೋಳಿ ಹುಣ್ಣಿಮೆ. ಇವನ್ನು ಕೆಂಪು ಪೆನ್ನಿನಲ್ಲಿ ಆಡುಮಾತಿನ ಹೆಸರಿನಿಂದಲೇ ಬರೆಯಿರಿ. ಅಚ್ಚಾದ ಕ್ಯಾಲೆಂಡರಿನಲ್ಲಿ “ಪೌರ್ಣಿಮೆ” ಅಂತಷ್ಟೇ ಇರುತ್ತದೆ. “ಸೀಗಿ” ಅಂತ ಬರೆದರೆ ಮಾತ್ರ ಮನೆಯ ಹಿರಿಯರ ಬಾಯಿ ಬಿಚ್ಚುತ್ತದೆ.

ದವನದ ಹುಣ್ಣಿಮೆ ಅಕ್ಕಮಹಾದೇವಿಯ ಜಯಂತಿ. ಅಕ್ಕ ಹುಟ್ಟಿದ್ದು ಶಿವಮೊಗ್ಗ ಕಡೆಯ ಉಡುತಡಿಯಲ್ಲಿ. ಆದರೆ ಅವಳ ಹೆಸರಿನ ಮಹಿಳಾ ವಿಶ್ವವಿದ್ಯಾಲಯ ಇರುವುದು ನಮ್ಮ ವಿಜಯಪುರದಲ್ಲಿ. 2003ರಲ್ಲಿ ಶುರುವಾಗಿ 2017ರಲ್ಲಿ ಅಕ್ಕನ ಹೆಸರು ಪಡೆಯಿತು. ನಮ್ಮ ಮನೆಯಲ್ಲಿ ಮೊದಲು ಪದವಿ ಮುಗಿಸಿದ ಹುಡುಗಿ ಯಾರು ಎಂಬುದನ್ನು ನಾವು ಇದೇ ಚೌಕದ ಕೆಳಗೆ ಬರೆದಿದ್ದೇವೆ.

ಕಾರ ಹುಣ್ಣಿಮೆ ಎತ್ತುಗಳ ಹಬ್ಬ. ಬೆಳಗಾವಿ ಕಡೆ ಅದೇ ದಿನ ವಟಸಾವಿತ್ರಿ, ಹೆಣ್ಣುಮಕ್ಕಳು ಆಲದ ಮರಕ್ಕೆ ನೂಲು ಸುತ್ತುತ್ತಾರೆ. ಸೀಗಿ ಹುಣ್ಣಿಮೆಗೆ ಬೆಳೆ ತುಂಬಿ ನಿಂತ ಭೂಮಿಯನ್ನು ಬಸುರಿ ಅಂತ ಕಂಡು ಬಯಕೆಯ ಅಡುಗೆ ಮಾಡಿಕೊಂಡು ಹೊಲಕ್ಕೆ ಹೋಗುತ್ತೇವೆ. ಆ ಅಡುಗೆಯನ್ನು ಹೊಲದಲ್ಲಿ ಚೆಲ್ಲಿ ಭೂಮಿಗೆ ಉಣಿಸುತ್ತೇವೆ, ಅದಕ್ಕೆ ಚರಗ ಅನ್ನುತ್ತೇವೆ.

ಗೌರಿ ಹುಣ್ಣಿಮೆ ಹತ್ತಿರ ಸ್ವಲ್ಪ ನಿಲ್ಲಬೇಕು. ಅದು ಪೂರ್ತಿ ಹುಡುಗಿಯರ ಹಬ್ಬ. ವಾರ ಮುಂಚೆಯೇ ಕಟ್ಟಿಗೆಯ ಅಚ್ಚುಗಳನ್ನು ಅಟ್ಟದಿಂದ ಇಳಿಸಿ ನೀರಲ್ಲಿ ನೆನೆಸುತ್ತಾರೆ. ಎರಡು ಹೋಳು ಕೂಡಿಸಿ ಬಿಗಿಯಾಗಿ ಕಟ್ಟುತ್ತಾರೆ. ಸಕ್ಕರೆ ಪಾಕ ಹದಕ್ಕೆ ಬಂದ ಕೂಡಲೇ ತುಂಬುತ್ತಾರೆ. ಆರಿದ ಮೇಲೆ ಕಟ್ಟು ಬಿಚ್ಚಿ ಮೆಲ್ಲಗೆ ತಟ್ಟಿದರೆ ನವಿಲು, ಆನೆ, ತೇರು, ಗೋಪುರ ಹೊರಗೆ ಬರುತ್ತವೆ. ಕೊಕ್ಕು ಮುರಿದ ನವಿಲು ಆಗಲೇ ಮಕ್ಕಳ ಬಾಯಿಗೆ ಹೋಗುತ್ತದೆ. ಸಂಜೆ ತಾಟಿನಲ್ಲಿ ಗೊಂಬೆಗಳ ನಡುವೆ ದೀಪ ಇಟ್ಟುಕೊಂಡು ಹುಡುಗಿಯರು ಗೌರಿಗೆ ಆರತಿ ಒಯ್ಯುತ್ತಾರೆ. ಮದುವೆ ಗೊತ್ತಾದ ಹುಡುಗಿಗೆ ಬೀಗರ ಮನೆಯಿಂದ ಸೀರೆಯ ಜೊತೆ ಸಕ್ಕರೆ ಆರತಿ ಬರುತ್ತದೆ. ನಿಮ್ಮ ಮನೆಯಲ್ಲಿ ಯಾರಿಗೆ ಯಾವ ವರ್ಷ ಆರತಿ ಬಂತು, ಅಚ್ಚು ಯಾರ ಕಾಲದ್ದು ಅಂತ ಕೇಳಿ ಬರೆದುಕೊಳ್ಳಿ. ನಮ್ಮ ಮನೆಯ ಆನೆಯ ಅಚ್ಚು ಆಯಿಯ ತವರಿನದು ಅಂತ ನನಗೆ ಗೊತ್ತಾದದ್ದೇ ಈ ನೋಟ್‌ಬುಕ್ ಶುರು ಮಾಡಿದ ಮೇಲೆ.

ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿಯ ತೇರು. ಅದರ ಮುಂಚಿನ ದಿನ ಪಲ್ಯದ ಹಬ್ಬ, ತಾಯಿ ಶಾಕಂಬರಿಗೆ 108 ಬಗೆಯ ಕಾಯಿಪಲ್ಯದ ನೈವೇದ್ಯ. ಅಲ್ಲಿಗೆ ಹೋದರೆ ತೇರಿನಷ್ಟೇ ಗಮನವನ್ನು ಗುಡಿಯ ಹೊರಗೆ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳಿಗೂ ಕೊಡಿ. ಜೋಳದ ರೊಟ್ಟಿ, ಕೆಂಪು ಚಟ್ನಿ, ಕಾಳುಪಲ್ಯ, ಗಡಿಗೆಯಲ್ಲಿ ಹೆಪ್ಪು ಹಾಕಿದ ಗಟ್ಟಿ ಮೊಸರು. ಸುತ್ತಲ ಊರುಗಳಿಂದ ಬರುತ್ತಾರೆ, ತಾಯಿ ಆದ ಮೇಲೆ ಮಗಳು ಬುಟ್ಟಿ ಹೊರುತ್ತಾಳೆ. ಜಾತ್ರೆಯ ದಿನ ಅಂತ ಬರೆಯುವಾಗ ಅವರ ದುಡಿಮೆಯ ದಿನವೂ ಅದು ಅಂತ ಬರೆಯಿರಿ.

ಅಧಿಕ ಮಾಸದ ಎಚ್ಚರ

ಚಂದ್ರನ ವರ್ಷಕ್ಕೆ ಸುಮಾರು 354 ದಿನ, ಸೂರ್ಯನ ವರ್ಷಕ್ಕೆ 365. ಪ್ರತಿ ವರ್ಷ ಹನ್ನೊಂದು ದಿನ ಹಿಂದೆ ಬೀಳುತ್ತದೆ. ಅದನ್ನು ಸರಿ ಮಾಡಲು ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ಜಾಸ್ತಿ ಬರುತ್ತದೆ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಮೇ ಕೊನೆಯ ಹುಣ್ಣಿಮೆಯನ್ನು ಕಾರ ಹುಣ್ಣಿಮೆ ಅಂತ ಬರೆದುಬಿಡಬೇಡಿ. ಅದು ನಿಜ ಜ್ಯೇಷ್ಠಕ್ಕೆ, ಅಂದರೆ ಜೂನ್ ಕೊನೆಗೆ ಬರುತ್ತದೆ. ಹಳೆಯ ದಿನ ಹುಡುಕುವಾಗಲೂ ಆ ವರ್ಷ ಅಧಿಕ ಇತ್ತಾ ಅಂತ ನೋಡಿಕೊಳ್ಳಿ. ಮಗಳು ಅಳಿಯನನ್ನು ಕರೆದು 33 ಅನಾರಸ (ಅಕ್ಕಿ ಬೆಲ್ಲದ ಸಿಹಿ) ಕೊಡುವ ಮನೆಗಳಲ್ಲಿ ಅಧಿಕ ಮಾಸ ಯಾವ ವರ್ಷ ಬಂದಿತ್ತು ಎಂಬುದು ಹೆಣ್ಣುಮಕ್ಕಳಿಗೆ ಚೆನ್ನಾಗಿ ನೆನಪಿರುತ್ತದೆ.

ಮುಸ್ಲಿಂ ಮನೆಗಳ ದಿನಗಳಿಗೆ ಅಧಿಕ ಮಾಸ ಇಲ್ಲ, ವರ್ಷಕ್ಕೆ ಹನ್ನೊಂದು ದಿನದಂತೆ ಹಿಂದೆ ಸರಿಯುತ್ತಲೇ ಹೋಗುತ್ತವೆ. ಮೊಹರಂಗೆ ಚೊಂಗೆ ಎಂಬ ಸಿಹಿ ರೊಟ್ಟಿ ಮಾಡುವುದು ನಮ್ಮ ಊರುಗಳಲ್ಲಿ ಎರಡೂ ಸಮಾಜದ ಮನೆಗಳಲ್ಲಿ ಇದೆ. ಅದನ್ನು ಬರೆಯುವವರು ಇಸ್ಲಾಮಿ ತಿಂಗಳಿನ ಹೆಸರನ್ನೂ ಪಕ್ಕದಲ್ಲಿ ಹಾಕಿ.

ಈಗ ನೀಲಿ ಪೆನ್ನು

ಜನವರಿ 3 ಸಾವಿತ್ರಿಬಾಯಿ ಫುಲೆ ಹುಟ್ಟಿದ ದಿನ. 1831, ಮಹಾರಾಷ್ಟ್ರದ ನಾಯಗಾಂವ್. ನಮ್ಮವಳಲ್ಲ ಅಂತ ಬಿಡಬೇಡಿ, ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದ ಕಥೆ ಅವಳಿಂದಲೇ ನಮ್ಮ ತನಕ ಬರುತ್ತದೆ.

ಮಾರ್ಚ್ 3 ಅಮೀರಬಾಯಿ ಕರ್ನಾಟಕಿ ತೀರಿಕೊಂಡ ದಿನ, 1965. ಬಾಗಲಕೋಟೆ ಜಿಲ್ಲೆಯ ಬೀಳಗಿಯ ಹುಡುಗಿ ಮುಂಬೈಗೆ ಹೋಗಿ ಹಿಂದಿ ಸಿನಿಮಾದಲ್ಲಿ ಹಾಡಿದಳು, ನಟಿಸಿದಳು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶವೆಲ್ಲ ಅವಳ ದನಿ ಕೇಳಿತು. ಊರು ಬಿಟ್ಟು ಹೋದರೂ ಹೆಸರಿನಲ್ಲಿ ನಾಡನ್ನು ಉಳಿಸಿಕೊಂಡಳು. ಬೀಳಗಿಯ ಮಕ್ಕಳಿಗೆ ಈ ಹೆಸರು ಗೊತ್ತಿರಬೇಕು ಅಂತ ನನಗೆ ತುಂಬಾ ಅನಿಸುತ್ತದೆ. ಆ ದಿನ ಒಂದು ಹಾಡು ಹಾಕಿ ಕೇಳಿಸಿ, ಅಷ್ಟು ಸಾಕು.

ಮೇ 10 ಹೇಮರೆಡ್ಡಿ ಮಲ್ಲಮ್ಮನ ಜಯಂತಿ. ಸರ್ಕಾರಿ ಕಚೇರಿಗಳಲ್ಲೂ ಆಚರಿಸುತ್ತಾರೆ. ಅತ್ತೆಮನೆಯ ಕಷ್ಟ ನುಂಗಿ ನಿಂತವಳ ಕಥೆ ನಮ್ಮ ಕಡೆಯ ರೆಡ್ಡಿ ಮನೆಗಳಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಅಲ್ಲಿ ಸೊಸೆ ಆದವರಿಂದಲೇ ಕೇಳಿ.

ಅಕ್ಟೋಬರ್ 23 ದೊಡ್ಡ ದಿನ. 1824ರಲ್ಲಿ ಅವತ್ತು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ, ಕಂಪನಿಯ ಪಡೆ ಸೋತಿತು. ಕಾಕತಿಯಲ್ಲಿ ಹುಟ್ಟಿದ ಚೆನ್ನಮ್ಮನ ಜಯಂತಿಯನ್ನೂ ಇದೇ ದಿನ ಆಚರಿಸುತ್ತಾರೆ. 23ರಿಂದ 25ರವರೆಗೆ ಕಿತ್ತೂರು ಉತ್ಸವ. ಉತ್ಸವಕ್ಕೆ ಹೋಗುವವರು ಜಾಸ್ತಿ, ಬೈಲಹೊಂಗಲಕ್ಕೆ ಹೋಗುವವರು ಕಡಿಮೆ. ಡಿಸೆಂಬರ್‌ನ ಎರಡನೇ ಯುದ್ಧದಲ್ಲಿ ಕಿತ್ತೂರು ಬಿದ್ದ ಮೇಲೆ ರಾಣಿಯನ್ನು ಸೆರೆ ಇಟ್ಟದ್ದು ಬೈಲಹೊಂಗಲದ ಕೋಟೆಯಲ್ಲಿ. 1829ರ ಫೆಬ್ರವರಿಯಲ್ಲಿ ಅಲ್ಲೇ ಕಣ್ಣು ಮುಚ್ಚಿದಳು. ಸಮಾಧಿಯೂ ಅಲ್ಲೇ ಇದೆ. ಗೆದ್ದ ದಿನವನ್ನು ಬರೆದ ಕೈಯಿಂದಲೇ ಸೆರೆಯಲ್ಲಿ ಕಳೆದ ವರ್ಷಗಳನ್ನೂ ಬರೆಯಿರಿ. ತೀರಿಕೊಂಡ ದಿನ ಕೆಲವು ಕಡೆ ಫೆಬ್ರವರಿ 2 ಅಂತಲೂ ಕೆಲವು ಕಡೆ 21 ಅಂತಲೂ ಸಿಗುತ್ತದೆ. ಹೀಗೆ ಎರಡು ತಾರೀಖು ಸಿಕ್ಕಾಗ ಎರಡನ್ನೂ ಬರೆಯಿರಿ. ಇಷ್ಟವಾದದ್ದನ್ನು ಆರಿಸಿ ಇನ್ನೊಂದನ್ನು ಅಳಿಸಬೇಡಿ.

ಡಿಸೆಂಬರ್ 26 ಮತ್ತು 27 ಬೆಳಗಾವಿಯ ಕಾಂಗ್ರೆಸ್ ಅಧಿವೇಶನ, 1924. ಗಾಂಧೀಜಿ ಅಧ್ಯಕ್ಷರಾದ ಒಂದೇ ಅಧಿವೇಶನ ಅಂತ ಎಲ್ಲರಿಗೂ ಗೊತ್ತು. ಅಲ್ಲಿ ದುಡಿದ ಸ್ವಯಂಸೇವಕಿಯರ ದಂಡನ್ನು ಕಟ್ಟಿದವಳು ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಅಂಥದ್ದೇ ದುಃಖ ಕಂಡ ಎಷ್ಟೋ ಹೆಣ್ಣುಮಕ್ಕಳನ್ನು ಮನೆಯಿಂದ ಹೊರಗೆ ಕರೆತಂದವಳು. ಅದೇ ವೇದಿಕೆಯಲ್ಲಿ ಸ್ವಾಗತ ಗೀತೆ ಹಾಡಿದವರಲ್ಲಿ ಬಾಲಕಿ ಗಂಗೂಬಾಯಿ ಹಾನಗಲ್ ಇದ್ದಳು. ಟಿಳಕವಾಡಿಯ ವೀರಸೌಧಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗ ಈ ಇಬ್ಬರ ಹೆಸರು ಹೇಳಲು ಮರೆಯಬೇಡಿ.

ತಾರೀಖೇ ಇಲ್ಲದವರಿಗೆ ಊರನ್ನು ಕೊಡಿ

ನಮ್ಮ ಸೀಮೆಯ ದೊಡ್ಡ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರಿಗೆ ಹುಟ್ಟಿದ ದಿನ ಸಿಗುವುದಿಲ್ಲ. ಒಂದು ತಾರೀಖು ಕಟ್ಟಿ ಅಂಟಿಸುವ ಆಸೆ ಬರುತ್ತದೆ, ದಯವಿಟ್ಟು ಬೇಡ. ಇವತ್ತು ನೀವು ಸುಮ್ನೆ ಬರೆದದ್ದನ್ನು ಮುಂದೆ ಮೊಮ್ಮಕ್ಕಳು ನಿಜ ಅಂತ ನಂಬುತ್ತಾರೆ. ಅದರ ಬದಲು ಅವರ ಊರಿಗೆ ಹೋಗಲು ಒಂದು ದಿನ ಗೊತ್ತು ಮಾಡಿ, “ಇವತ್ತು ಇಲ್ಲಿಗೆ ಹೋಗುವುದು” ಅಂತ ಬರೆಯಿರಿ.

ನಾವು ಶಿವರಾತ್ರಿಯ ಮರುದಿನವನ್ನು ಪಟ್ಟದಕಲ್ಲಿಗೆ ಇಟ್ಟಿದ್ದೇವೆ. ಅಲ್ಲಿಯ ವಿರೂಪಾಕ್ಷ ಗುಡಿಯ ಮೊದಲ ಹೆಸರು ಲೋಕೇಶ್ವರ. ಚಾಲುಕ್ಯ ದೊರೆ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು, 8ನೇ ಶತಮಾನ. ಪಕ್ಕದ ಮಲ್ಲಿಕಾರ್ಜುನ ಗುಡಿ ಅವಳ ತಂಗಿ, ಅದೇ ರಾಜನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ಹಾಡುವವರಿಗೆ ಹಿಂದೆ ಕೊಟ್ಟಿದ್ದ ದತ್ತಿಯನ್ನು ಲೋಕಮಹಾದೇವಿ ಮುಂದುವರಿಸಿದ್ದನ್ನೂ ಅಲ್ಲಿಯ ಶಾಸನ ಹೇಳುತ್ತದೆ. ಅಲ್ಲಿಂದ ಮಹಾಕೂಟ ದೂರ ಇಲ್ಲ. ಗುಡಿಯ ಕಂಬದ ಮೇಲೆ ವಿನಾಪೋಟಿ ಎಂಬ ಹೆಸರಿದೆ. ವಿಜಯಾದಿತ್ಯ ರಾಜನ ಪ್ರಾಣವಲ್ಲಭೆ. ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಹೊಲ ಕೊಟ್ಟವಳು. ಪಟ್ಟದ ರಾಣಿ ಅಲ್ಲದ ಹೆಣ್ಣೊಬ್ಬಳು ತನ್ನ ಕೊಡುಗೆಯನ್ನು ತನ್ನ ಹೆಸರಿನಲ್ಲೇ ಕಲ್ಲಿಗೆ ಬರೆಸಿದಳು. ನನ್ನ ಮಗಳು ಆ ಕಂಬದ ಮುಂದೆ ನಿಂತು ಅಕ್ಷರಗಳ ಮೇಲೆ ಗಾಳಿಯಲ್ಲೇ ಬೆರಳಾಡಿಸಿದಳು. ಮುಟ್ಟಬಾರದು ಅಂತ ಮೊದಲೇ ಹೇಳಿದ್ದೆ.

ಶರಣೆಯರಿಗೆ ನಾವು ಬಸವ ಜಯಂತಿಯ ವಾರವನ್ನು ಇಟ್ಟಿದ್ದೇವೆ. ಬಸವನ ಬಾಗೇವಾಡಿಗೆ ಹೋದರೆ ಬಸವಣ್ಣನ ಜೊತೆ ಅಕ್ಕ ನಾಗಮ್ಮನನ್ನು ನೆನೆಯಿರಿ. ತಮ್ಮನ ಬೆನ್ನಿಗೆ ನಿಂತವಳು, ಚನ್ನಬಸವಣ್ಣನ ತಾಯಿ, ಕಲ್ಯಾಣದ ಗಲಭೆಯ ನಂತರ ಶರಣರ ಜೊತೆ ಉಳವಿಯ ಕಡೆ ನಡೆದವಳು. ಬಸವಣ್ಣನ ಹೆಂಡತಿಯರಲ್ಲಿ ಗಂಗಾಂಬಿಕೆಯ ಐಕ್ಯ ಮಂಟಪ ಕಿತ್ತೂರಿನ ಹತ್ತಿರ ಎಂ.ಕೆ.ಹುಬ್ಬಳ್ಳಿಯಲ್ಲಿ, ಮಲಪ್ರಭೆಯ ಹೊಳೆಯಲ್ಲೇ ಇದೆ. ನೀಲಾಂಬಿಕೆಯದು ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಂಡೆಯಲ್ಲಿ. ಹೊಳೆ ತುಂಬಿದಾಗ ಹೋಗಬೇಡಿ. ಬೇಸಿಗೆಯೇ ಒಳ್ಳೆಯದು, ಬಸವ ಜಯಂತಿಯೂ ಆಗಲೇ ಬರುತ್ತದೆ.

ವಿಜಯಪುರ ಪಟ್ಟಣದಲ್ಲಿ ಇರುವವರಿಗೆ ನೀರಿನ ದಾರಿ ಹಿಡಿಯಿರಿ ಅಂತ ಹೇಳುತ್ತೇನೆ. ಚಾಂದ್ ಬಾವಡಿ ಎಂಬ ದೊಡ್ಡ ಬಾವಿಗೆ ರಾಣಿ ಚಾಂದ್ ಬೀಬಿಯ ಹೆಸರು, 1579ರ ಹೊತ್ತಿನದು. ಮರುವರ್ಷ ಗಂಡ ಅಲಿ ಆದಿಲ್ ಶಾ ಕೊಲೆಯಾದ. ಒಂಬತ್ತು ವರ್ಷದ ಇಬ್ರಾಹಿಂನನ್ನು ಗಾದಿಗೆ ಕೂರಿಸಿ ರಾಜ್ಯ ನೋಡಿಕೊಂಡವಳು ಅವಳೇ. ಮುಂದೆ ತವರು ಅಹ್ಮದ್‌ನಗರದ ಕೋಟೆಯನ್ನು ಮೊಘಲರ ಎದುರು ಕಾಯ್ದಳು. 1620ರ ತಾಜ್ ಬಾವಡಿ ಇಬ್ರಾಹಿಂನ ರಾಣಿ ತಾಜ್ ಸುಲ್ತಾನಾಳ ಹೆಸರಿನದು. 1651ರ ಬೇಗಂ ತಾಲಾಬ್ ಜಹಾನ್ ಬೇಗಂ ನೆನಪಿನದು. ಮೂರೂ ಊರಿಗೆ ನೀರು ಕೊಟ್ಟ ಜಾಗಗಳು. ಮಾರ್ಚ್ 22 ವಿಶ್ವ ಜಲ ದಿನ, ಮೂರನ್ನೂ ನೋಡಿ ಬರಲು ಅದು ಚೆನ್ನಾಗಿ ಹೊಂದುತ್ತದೆ.

ಬೈಲಹೊಂಗಲ ತಾಲ್ಲೂಕಿನ ಬೆಳವಡಿಯನ್ನು ಬಿಡಬೇಡಿ. 17ನೇ ಶತಮಾನದಲ್ಲಿ ಹೆಣ್ಣುಮಕ್ಕಳ ಪಡೆ ಕಟ್ಟಿ ಶಿವಾಜಿಯ ಸೈನ್ಯಕ್ಕೆ ಎದುರು ನಿಂತ ಮಲ್ಲಮ್ಮನ ಊರು.

ಹಿರಿಯ ಹೆಣ್ಣುಮಕ್ಕಳನ್ನು ಕೇಳುವ ಬಗೆ

“ನಿಮ್ಮ ಹುಟ್ಟಿದ ದಿನ ಯಾವುದು?” ಅಂತ ಕೇಳಿದರೆ “ಯಾಂವಗ ಗೊತ್ತವ್ವ” ಅಂತ ಉತ್ತರ ಬರುತ್ತದೆ. “ನೀವು ಹುಟ್ಟಿದಾಗ ಯಾವ ಹಬ್ಬ ಹತ್ತಿರ ಇತ್ತ್ರಿ?” ಅಂತ ಕೇಳಿ. ಆಮೇಲೆ ವಾರ ಕೇಳಿ, ಸಂತೆಯ ದಿನವೋ ಸೋಮವಾರವೋ. ಕೊನೆಗೆ ವರ್ಷಕ್ಕೆ ಬನ್ನಿ. ನಮ್ಮ ಕಡೆ ವರ್ಷ ಹಿಡಿಯಲು ಗಟ್ಟಿ ಗುರುತುಗಳಿವೆ: 1956ರಲ್ಲಿ ಮುಂಬೈ ರಾಜ್ಯದಿಂದ ಮೈಸೂರಿಗೆ ಸೇರಿದ್ದು, 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿ ಆಣೆಕಟ್ಟಿಗೆ ಅಡಿಗಲ್ಲು ಹಾಕಿದ್ದು, 1972ರ ಬರ, 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆ ಆದದ್ದು. “ಬರದಾಗ ನಿಮ್ಮ ಕೂಸಿಗೆ ಎಷ್ಟ ವರ್ಷರೀ?” ಅಂದರೆ ಸಾಕು, ಕಲ್ಲು ಒಡೆಯುವ ಕೆಲಸಕ್ಕೆ ಹೋದದ್ದರಿಂದ ಹಿಡಿದು ಎಲ್ಲ ಬರುತ್ತದೆ. ಸಿಕ್ಕ ತಿಥಿ, ವಾರ, ವರ್ಷ ಮೂರನ್ನೂ ಪಂಚಾಂಗದಲ್ಲಿ ಹೊಂದಿಸಿ ನೋಡಿ. ಮೂರೂ ಕೂಡಿದರೆ ನೀಲಿ ಪೆನ್ನು. ಕೂಡದಿದ್ದರೆ ತಿಥಿಯನ್ನಷ್ಟೇ ಕೆಂಪಿನಲ್ಲಿ ಬರೆಯಿರಿ. ಅವರು ಹೇಳಿದ್ದನ್ನು ತಿದ್ದಬೇಡಿ.

ಸುಮ್ನೆ ಕೂತು ಕೇಳಿದರೆ ಮಾತು ಬರುವುದಿಲ್ಲ, ಕೈಯಲ್ಲಿ ಕೆಲಸ ಇರಬೇಕು. ನಾಗರ ಪಂಚಮಿಯ ವಾರ ಇದಕ್ಕೆ ಹೇಳಿ ಮಾಡಿಸಿದ ಹೊತ್ತು. ರೊಟ್ಟಿ ಹಬ್ಬಕ್ಕೆ ರೊಟ್ಟಿ ಬಡಿಯುವಾಗ, ತಂಬಿಟ್ಟು, ಶೇಂಗಾ ಉಂಡಿ, ಎಳ್ಳುಂಡಿ ಕಟ್ಟುವಾಗ ನೀವೂ ಕೈ ಹಚ್ಚಿ, ಮೊಬೈಲನ್ನು ರೆಕಾರ್ಡಿಂಗಿಗೆ ಹಾಕಿ ಪಕ್ಕಕ್ಕೆ ಇಡಿ. ಇಡುವ ಮುಂಚೆ ಕೇಳಿ, ಒಪ್ಪಿದರೆ ಮಾತ್ರ. ಪಂಚಮಿ ಅಂದರೆ ತವರು. ಯಾವ ಅಣ್ಣ ಕರೆಯಲು ಬಂದ, ಯಾವ ವರ್ಷ ಬರಲಿಲ್ಲ, ಜೋಕಾಲಿ ಯಾವ ಮರಕ್ಕೆ ಕಟ್ಟಿದ್ದರು, ಎಲ್ಲ ತಾನಾಗಿ ಬರುತ್ತದೆ. 2019ರ ಪಂಚಮಿ ಆಗಸ್ಟ್ 5. ಅದೇ ವಾರ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಬಂದವು. ಆ ವರ್ಷದ ಉಂಡಿ ಡಬ್ಬಿಯನ್ನು ತಲೆಯ ಮೇಲೆ ಹೊತ್ತು ಗಂಜಿ ಕೇಂದ್ರಕ್ಕೆ ಹೋದ ನಮ್ಮ ಕಾಕವ್ವನ ಮಾತು ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಇದೆ.

ನಿಮ್ಮ ಮನೆಯದಷ್ಟೇ ಸಾಕು ಅಂತ ನಿಲ್ಲಿಸಬೇಡಿ. ಭಾದ್ರಪದದಲ್ಲಿ ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು ಹಾಡುತ್ತಾ ಬರುವ ಹೆಣ್ಣುಮಕ್ಕಳಿಗೆ ಮೊರದಲ್ಲಿ ಜೋಳ ಕೊಟ್ಟು ಕಳಿಸುತ್ತೇವೆ. ಒಮ್ಮೆ ಕೂರಿಸಿ ಚಹಾ ಕೊಟ್ಟು ಹಾಡು ಯಾರಿಂದ ಕಲಿತರು ಅಂತ ಕೇಳಿ. ಅಷ್ಟಮಿಗೆ ಹುಟ್ಟಿ ಹುಣ್ಣಿಮೆಗೆ ಮುಗಿಯುವ ಅವನ ಏಳು ದಿನದ ಬಾಳು ಪೂರ್ತಿ ಅವರ ಬಾಯಲ್ಲಿದೆ. ವಿಜಯಪುರದ ಲಂಬಾಣಿ ತಾಂಡಾಗಳಲ್ಲಿ ದೀಪಾವಳಿ ಅಮಾವಾಸ್ಯೆಯ ರಾತ್ರಿ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಮೇರಾ ಹಾಡುತ್ತಾ ಹೋಗುತ್ತಾರೆ. ಶ್ರಾವಣದಲ್ಲಿ ತೀಜ್, ಬುಟ್ಟಿಯಲ್ಲಿ ಗೋಧಿ ಸಸಿ ಬೆಳೆಸುವ ಮದುವೆಯಾಗದ ಹುಡುಗಿಯರ ಹಬ್ಬ. ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವ ಮಾಡುವ ಆಟ ಈಗ ಎಷ್ಟೋ ಓಣಿಗಳಲ್ಲಿ ನಿಂತಿದೆ. ನಿಂತಿದ್ದರೂ ಬರೆಯಿರಿ, ಕೊನೆಯ ಬಾರಿ ಯಾವ ವರ್ಷ ಮಾಡಿದರು ಎಂಬುದರ ಜೊತೆಗೆ.

ಬೀಸುವ ಕಲ್ಲಿನ ಹಾಡು ನೆನಪಿರುವವರು ಸಿಕ್ಕರೆ ಬೇರೆ ಕೆಲಸ ಬಿಟ್ಟು ಅದನ್ನು ಬರೆದುಕೊಳ್ಳಿ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ನಮ್ಮ ಅಜ್ಜಿಯಂದಿರ ತ್ರಿಪದಿಗಳನ್ನು ಕೂಡಿಸಿ 1931ರಲ್ಲೇ ಪುಸ್ತಕ ಮಾಡಿದ್ದರು. ಹಾಡಿದವರ ಹೆಸರನ್ನು ನೀವು ತಪ್ಪದೆ ಬರೆಯಿರಿ.

ನೋವಿನ ದಿನಗಳು

ಹೊಸ್ತಿಲ ಹುಣ್ಣಿಮೆಯನ್ನು ಬರೆಯುವಾಗ ನನ್ನ ಕೈ ನಿಂತಿತ್ತು. ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ, ಯಲ್ಲಮ್ಮನ ಗಂಡ ಜಮದಗ್ನಿ ಸತ್ತ ದಿನ ಅಂತ ಅವತ್ತು ತಾಯಿಯ ಬಳೆ, ತಾಳಿ ತೆಗೆಯುತ್ತಾರೆ. ಎರಡು ತಿಂಗಳ ನಂತರ ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆ, ಅದಕ್ಕೇ ಮುತ್ತೈದಿ ಹುಣ್ಣಿಮೆ ಅನ್ನುತ್ತಾರೆ. ತಾಯಿಯ ಮೇಲೆ ನಮಗೆಲ್ಲ ಭಕ್ತಿ ಇದೆ. ಆದರೆ ಅದೇ ಹೆಸರಿನಲ್ಲಿ ಎಷ್ಟೋ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದ್ದೂ ಇದೇ ಸೀಮೆಯಲ್ಲಿ. ಅದನ್ನು ನಿಷೇಧಿಸಿದ ಕಾನೂನು 1982ರದ್ದು. ಆ ಬಾಳಿನಿಂದ ಎದ್ದು ಬಂದು ಸಾವಿರಾರು ಹೆಣ್ಣುಮಕ್ಕಳ ಕೈ ಹಿಡಿದ ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ನಮ್ಮ ಕ್ಯಾಲೆಂಡರಿನಲ್ಲಿ ಭಾರತ ಹುಣ್ಣಿಮೆಯ ಚೌಕದಲ್ಲಿ ಅವರ ಹೆಸರಿದೆ. ಹಬ್ಬ ಮಾಡುವವರು ಮಾಡಿ, ಪಕ್ಕದಲ್ಲಿ ಇದನ್ನೂ ಬರೆಯಿರಿ.

ನಿಮ್ಮ ಮನೆಯ ನೋವುಗಳೂ ಇರುತ್ತವೆ. ಆಯಿ ಸಂಕ್ರಾಂತಿಗೆ ಕುಸುರೆಳ್ಳು ಮಾಡುವುದರಲ್ಲಿ ನಮ್ಮೋಣಿಗೇ ಹೆಸರು. ಸಣ್ಣ ಉರಿಯ ಮೇಲೆ ಪರಾತ ಇಟ್ಟು, ಎಳ್ಳಿನ ಮೇಲೆ ಒಂದೊಂದೇ ಚಮಚ ಪಾಕ ಬಿಟ್ಟು, ಬೆರಳಿನಿಂದ ಆಡಿಸುತ್ತಾ ಕೂರುತ್ತಾಳೆ. ಮುಳ್ಳು ಮೂಡಲು ದಿನಗಟ್ಟಲೆ ಬೇಕು, ಬೆರಳ ತುದಿ ಕೆಂಪಗಾಗುತ್ತದೆ. ಅಜ್ಜ ತೀರಿಕೊಂಡ ಮೇಲೂ ಮಾಡುತ್ತಿದ್ದಳು. ಆದರೆ ಸಂಜೆ ಅರಿಶಿನ ಕುಂಕುಮಕ್ಕೆ ಮಂದಿ ಬಂದಾಗ ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಅವಳ ಕೈಯ ಕುಸುರೆಳ್ಳನ್ನು ನಾವು ಹಂಚುತ್ತಿದ್ದೆವು. ಎಷ್ಟು ವರ್ಷ ಹೀಗೆ ನಡೆಯಿತು ಅಂತ ಲೆಕ್ಕ ಹಾಕಿದಾಗ ಹತ್ತೊಂಬತ್ತು ಆಯಿತು. ಲೆಕ್ಕ ಹಾಕಿದ ವರ್ಷವೇ ಅವ್ವ ಅವಳ ಕೈ ಹಿಡಿದು ಪಡಸಾಲೆಗೆ ಕರೆತಂದಳು. “ನೀ ಮಾಡೀದಿ, ನೀನ ಕೊಡು” ಅಂದಳು. ಆಯಿ ಮೊದಲ ಹಿಡಿಯನ್ನು ಪಕ್ಕದ ಮನೆಯ, ಅವಳ ಹಾಗೇ ಒಂಟಿಯಾದ ಅಜ್ಜಿಯ ಕೈಗೆ ಹಾಕಿದಳು. ಈಗ ಸಂಕ್ರಾಂತಿಯ ಚೌಕದಲ್ಲಿ ಹಂಚುವವರ ಹೆಸರು ಅಂತ ಆಯಿಯ ಹೆಸರನ್ನೇ ಬರೆಯುತ್ತೇವೆ. ಕರೆಯುವವರ ಪಟ್ಟಿಯಲ್ಲಿ ಯಾರನ್ನೂ ಬಿಡುವುದಿಲ್ಲ.

ವರ್ಷ ಮುಗಿದಾಗ

ಡಿಸೆಂಬರ್ ಕೊನೆಯ ವಾರ ಹಳೆಯದನ್ನು ಮುಂದೆ ಇಟ್ಟುಕೊಂಡು ಹೊಸದನ್ನು ತುಂಬಿ. ಒಬ್ಬರೇ ಬರೆಯಬೇಡಿ. ಅಕ್ಷರ ಚೆನ್ನಾಗಿಲ್ಲ ಅಂತ ಹಿಂಜರಿಯುವ ಅತ್ತೆಯ ಕೈಗೂ ಪೆನ್ನು ಕೊಡಿ, ಮಕ್ಕಳ ಕೈಗೂ ಕೊಡಿ. ಬರೆಯಲು ಬಾರದವರು ಹೇಳಲಿ, ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಲಿ. ಹಳೆಯ ಹಾಳೆಗಳನ್ನು ಡಬ್ಬಿಯ ತಳಕ್ಕೆ ಹಾಸಬೇಡಿ. ಸುರುಳಿ ಸುತ್ತಿ, ವರ್ಷ ಬರೆದು, ಬಟ್ಟೆಯ ಚೀಲದಲ್ಲಿ ಹಾಕಿ ಒಣ ಜಾಗದಲ್ಲಿ ಇಡಿ. ನಾವು ಗೌರಿಯ ಅಚ್ಚಿನ ಪೆಟ್ಟಿಗೆಯಲ್ಲೇ ಇಡುತ್ತೇವೆ, ವರ್ಷಕ್ಕೊಮ್ಮೆ ಹೇಗೂ ಅದನ್ನು ತೆಗೆಯುತ್ತೇವಲ್ವಾ.

ನವೆಂಬರ್ 22ರ ಚೌಕವನ್ನು ನನ್ನ ಮಗಳು ನೀಲಿಯಲ್ಲಿ ಬರೆದಳು. ಆಯಿ ಕನ್ನಡಕ ಹಾಕಿಕೊಂಡು ಬಂದು ನೋಡಿ, “ಹುಣ್ಣಿವಿ ಲೆಕ್ಕದ್ದೂ ಬರಿಯವ್ವ, ನಮ್ಮವ್ವ ಅದನ್ನ ಹೇಳಿದ್ದು” ಅಂದಳು. ಈಗ ಎರಡು ದಿನ ಬರೆಯುತ್ತೇವೆ. 22 ನೀಲಿ. ಗೌರಿ ಹುಣ್ಣಿಮೆ ಆಗಿ ಮೂರನೇ ದಿನ ಕೆಂಪು. ಹೋಳಿಗೆ ಅಡುಗೆ ಮಾಡುವುದು ಕೆಂಪಿನ ದಿನ.